ಬಿಸಿಲು, ಸೆಖೆ, ಮಳೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಮತ್ತು ಮಳೆಗಾಲದ ಬಗ್ಗೆ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ನನ್ನ ತವರು ಕಲಬುರಗಿ. ಮದುವೆಯಾಗಿ ಬಂದದ್ದು ಸುರತ್ಕಲ್‌ಗೆ. ಅಲ್ಲಿ 42 ಡಿಗ್ರಿ ಇದ್ದಾಗ ಇಲ್ಲಿ 35. ಆದರೂ ಇಲ್ಲಿನ ಸೆಖೆಯೇ ತಡೆಯಲಾಗುವುದಿಲ್ಲ. ಅಣ್ಣ ಅಲ್ಲಿಂದ ದೊಡ್ಡ ಏರ್ ಕೂಲರ್ ಕಳಿಸಿದ್ದಾನೆ. ಹಾಕಿದರೆ ಮೈ ಇನ್ನಷ್ಟು ಅಂಟುತ್ತದೆ. ಕೂಲರ್ ಕೆಟ್ಟಿರಬಹುದೇ?
— ಗೃಹಿಣಿ, ಸುರತ್ಕಲ್

ಉತ್ತರ: ಕೂಲರ್ ಸರಿಯಾಗಿದೆ, ಊರು ತಪ್ಪಿದೆ. ಮೈ ತಣ್ಣಗಾಗುವುದು ಬೆವರು ಆರುವಾಗ. ಬರೀ ಸುರಿದುಹೋದ ಬೆವರಿನಿಂದ ಏನೂ ಲಾಭವಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಇದನ್ನು ಅಳೆಯಲು ಹವಾಮಾನದವರು ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಒಡ್ಡುತ್ತಾರೆ. ಬಟ್ಟೆಯ ನೀರು ಆರುತ್ತಾ ಪಾದರಸ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದು ‘ವೆಟ್ ಬಲ್ಬ್’ ಉಷ್ಣಾಂಶ. ಕಲಬುರಗಿಯ ಮಧ್ಯಾಹ್ನ 42 ಡಿಗ್ರಿ, ಆರ್ದ್ರತೆ ಶೇ 15 ಇದ್ದರೆ ವೆಟ್ ಬಲ್ಬ್ ಸುಮಾರು 22. ನಿಮ್ಮಲ್ಲಿ 35 ಡಿಗ್ರಿ, ಆರ್ದ್ರತೆ ಶೇ 65 ಇದ್ದರೆ ಅದು 29 ದಾಟುತ್ತದೆ. ನಿಮ್ಮ ಮೈ ಲೆಕ್ಕ ಹಾಕುವುದು ಈ ವೆಟ್ ಬಲ್ಬ್ ಅಂಕಿಯನ್ನೇ. ವೆಟ್ ಬಲ್ಬ್ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದವರೂ ಕೆಲವೇ ಗಂಟೆ ತಾಳಬಲ್ಲರು ಎಂದು ಹಿಂದೆ ಎಣಿಸಿದ್ದರು. ಇತ್ತೀಚಿನ ಪ್ರಯೋಗಗಳಲ್ಲಿ ತೇವದ ಬಿಸಿಯಲ್ಲಿ 30–31ರ ಸುಮಾರಿಗೇ ಆರೋಗ್ಯವಂತ ಯುವಕರ ದೇಹದ ಶಾಖ ಏರತೊಡಗಿದ್ದು ಕಂಡುಬಂದಿದೆ.

ಕೂಲರ್ ಕೂಡ ನೀರು ಆರಿಸಿಯೇ ಗಾಳಿ ತಣಿಸುವ ಯಂತ್ರ. ಒಳ್ಳೆಯ ಪ್ಯಾಡ್ ಇದ್ದರೆ ಹೊರಗಿನ ಉಷ್ಣಾಂಶಕ್ಕೂ ವೆಟ್ ಬಲ್ಬಿಗೂ ನಡುವಿನ ಅಂತರದ ಮುಕ್ಕಾಲು ಪಾಲು ಇಳಿಸೀತು. ಕಲಬುರಗಿಯಲ್ಲಿ ಆ ಅಂತರ 20 ಡಿಗ್ರಿ. 42ರ ಗಾಳಿ 27ಕ್ಕೆ ಬರುತ್ತದೆ. ಸುರತ್ಕಲ್‌ನಲ್ಲಿ ಅಂತರ ಆರೂ ಇಲ್ಲ. 35ರದ್ದು 31ಕ್ಕೆ ಇಳಿದರೂ ಕೋಣೆಯ ತೇವ ಶೇ 90ರತ್ತ ಏರುತ್ತದೆ. ಅಂಟುವುದು ಅದಕ್ಕೇ. ನೀರಿನ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಆಗಿ ಬಳಸಿ, ಇಲ್ಲವೇ ತವರಿಗೆ ವಾಪಸ್ ಕಳಿಸಿ.

ಅಲ್ಲಿ ಅದನ್ನು ಬಳಸುವವರಿಗೂ ಎರಡು ಮಾತು. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಾಕುವುದು ಎಲ್ಲೆಲ್ಲೂ ಕಾಣುವ ತಪ್ಪು. ಒಳಬಂದ ತೇವದ ಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆಯೇ ಸುರತ್ಕಲ್ ಆಗುತ್ತದೆ. ಬೋರ್‌ವೆಲ್ಲಿನ ಸವಳು ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ ಒಣಗಿಸಿ. ಉಪ್ಪೂ ಹೋಗುತ್ತದೆ, ಡೆಂಗಿ ಸೊಳ್ಳೆಯ ಮೊಟ್ಟೆಯೂ ಹೋಗುತ್ತದೆ.

ಹಾಗೆಂದು ಒಣ ಬಿಸಿಲು ಸಾಧು ಎಂದುಕೊಳ್ಳಬೇಡಿ. ಅಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಮೈ ಒಣಗಿದೆ, ಬೆವರುತ್ತಿಲ್ಲ ಎಂದು ನೀರು ಕುಡಿಯದೆ ಉಳಿದವರೇ ಸಂಜೆಗೆ ತಲೆಸುತ್ತಿ ಬೀಳುವುದು.

ಪ್ರಶ್ನೆ: ನಮ್ಮ ಕಾರಿನಲ್ಲಿ 46 ಡಿಗ್ರಿ ತೋರಿಸುತ್ತದೆ, ಹವಾಮಾನ ಇಲಾಖೆ 41 ಎನ್ನುತ್ತದೆ. ಯಾವುದು ನಿಜ? ಕಲಬುರಗಿಯಲ್ಲಿ 42 ಆದರೂ ‘ಬಿಸಿಗಾಳಿ’ ಎಂದು ಘೋಷಿಸದೆ ಮಂಗಳೂರಿಗೆ 38ಕ್ಕೇ ಘೋಷಿಸುತ್ತಾರೆ, ಏಕೆ?
— ಕಾಲೇಜು ಉಪನ್ಯಾಸಕರು, ಬೀದರ್

ಉತ್ತರ: ಎರಡೂ ನಿಜ, ಅಳೆದ ಜಾಗ ಬೇರೆ. ಇಲಾಖೆಯ ಮಾಪಕ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ನೆರಳಲ್ಲಿ. ಕಾರಿನ ಸೆನ್ಸರ್‌ಗೆ ಕಾದ ಟಾರಿನ ಝಳವೂ ಎಂಜಿನ್ನಿನ ಶಾಖವೂ ತಾಗುತ್ತದೆ.

ಬಿಸಿಗಾಳಿ ಎನ್ನಲು ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿರಬೇಕು. ಜೊತೆಗೆ ಅದು ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 6.4 ಮೀರಿದರೆ ತೀವ್ರ ಬಿಸಿಗಾಳಿ. ಕಲಬುರಗಿಯ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವುದರಿಂದ 42 ಅಲ್ಲಿ ‘ಅಸಹಜ’ ಆಗುವುದಿಲ್ಲ. 45 ಮುಟ್ಟಿದರೆ ಮಾತ್ರ ವಾಡಿಕೆ ನೋಡದೆ ಬಿಸಿಗಾಳಿ, 47ಕ್ಕೆ ತೀವ್ರ. ಒಂದು ಹವಾಮಾನ ಉಪವಿಭಾಗದ ಎರಡಾದರೂ ಕೇಂದ್ರಗಳಲ್ಲಿ ಎರಡು ದಿನ ಹೀಗಿದ್ದರೆ ಎರಡನೆಯ ದಿನ ಘೋಷಣೆ. ಘೋಷಣೆಯಾಗಿಲ್ಲ ಎಂಬ ಕಾರಣಕ್ಕೆ 42 ಡಿಗ್ರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಕ್ರೀಡಾಕೂಟ ನಡೆಸುವವರಿಗೆ ಈ ನಿಯಮ ಅರ್ಥವಾಗಿಲ್ಲ.

ಪ್ರಶ್ನೆ: ಸರ, ನಮ್ಮ ತಾಲೂಕಿಗೆ ವಾಡಿಕೆ ಮಳಿ ಆಗೇತಿ ಅಂತ ಪೇಪರಿನ್ಯಾಗ ಬರದಾರ. ತೊಗರಿ ನೋಡಿದ್ರ ಒಣಗಿ ನಿಂತೈತಿ. ಲೆಕ್ಕ ಹ್ಯಾಂಗ ಹಾಕ್ತಾರ? ನಾವೇನು ಮಾಡಬೇಕು?
— ರೈತರು, ಇಂಡಿ ತಾಲೂಕು

ಉತ್ತರ: ಲೆಕ್ಕದಲ್ಲಿ ಸುಳ್ಳಿಲ್ಲ, ಆದರೆ ಬೆಳೆ ಕೇಳುವ ಲೆಕ್ಕ ಅದಲ್ಲ. ವಾಡಿಕೆಗಿಂತ ಶೇ 19ರಷ್ಟು ಕಡಿಮೆ ಅಥವಾ ಹೆಚ್ಚು ಬಂದರೂ ‘ವಾಡಿಕೆ ಮಳೆ’ ಎಂದೇ ದಾಖಲಾಗುತ್ತದೆ. ಶೇ 20ರಿಂದ 59 ಕಡಿಮೆಯಾದರೆ ಕೊರತೆ, ಅದಕ್ಕಿಂತ ಕೆಳಗೆ ತೀವ್ರ ಕೊರತೆ. ಜುಲೈ ವಾಡಿಕೆ 75 ಮಿಮೀ ಎಂದಿಟ್ಟುಕೊಳ್ಳಿ. ಹನ್ನೆರಡು ಹದಿಮೂರು ಮಿಮೀಯಂತೆ ಆರು ಬಾರಿ ಹದವಾಗಿ ಬಂದರೂ ಅಷ್ಟೇ, ಒಂದೇ ರಾತ್ರಿ ಎರಡು ತಾಸಿನಲ್ಲಿ ಸುರಿದು ಹೋದರೂ ಅಷ್ಟೇ. ನಿಮ್ಮ ಎರೆ ಭೂಮಿ ಒಣಗಿ ಬಿರುಕು ಬಿಟ್ಟಾಗ ಮೊದಲ ನೀರನ್ನು ಗಟಗಟ ಕುಡಿಯುತ್ತದೆ. ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ತಾಸಿಗೆ ಕೆಲವೇ ಮಿಮೀ ಒಳಗೆ ಬಿಡುತ್ತದೆ. ಉಳಿದದ್ದು ಮಣ್ಣು ಹೊತ್ತುಕೊಂಡು ಹಳ್ಳ ಸೇರುತ್ತದೆ.

ಹಳ್ಳ ಸೇರಿದ್ದೆಷ್ಟು ನೋಡಿ. ಎಕರೆ ಮೇಲೆ ಬಿದ್ದ 1 ಮಿಮೀ ಮಳೆ ಎಂದರೆ 4,047 ಲೀಟರ್ ನೀರು. 40 ಮಿಮೀ ಹರಿದುಹೋದರೆ 1.6 ಲಕ್ಷ ಲೀಟರ್. ಮೇಲೆ 10 × 10 ಮೀಟರ್, ತಳದಲ್ಲಿ 4 × 4, ಆಳ 3 ಮೀಟರ್ ಇರುವ ಕೃಷಿ ಹೊಂಡ ಹಿಡಿಯುವುದು 1.56 ಲಕ್ಷ ಲೀಟರ್. ಒಂದು ಎಕರೆಯ ಒಂದು ರಾತ್ರಿಯ ಹರಿವಿಗೇ ಹೊಂಡ ತುಂಬುತ್ತದೆ. ಹೂವು, ಕಾಯಿ ಕಟ್ಟುವ ಹೊತ್ತಿನಲ್ಲಿ ತೊಗರಿಗೆ 30 ಮಿಮೀಯಷ್ಟು ನೀರು ಒಂದು ಸಲ ಕೊಡಲು ಎಕರೆಗೆ 1.2 ಲಕ್ಷ ಲೀಟರ್ ಬೇಕು. ಹೊಂಡದ ನೀರು ಆವಿಯಾಗುವ ಮುನ್ನ ಕೊಡಿ. ಇನ್ನೂ ಒಣಗಲಿ ನೋಡೋಣ ಎಂದು ಕಾದವರಿಗೆ ಕೊನೆಗೆ ಸಿಗುವುದು ತಳದ ಕೆಸರು. ಹೊಂಡಕ್ಕೆ ನೀರು ಬರುವ ದಾರಿಯಲ್ಲಿ ಒಂದು ಹೂಳುಗುಂಡಿ ಮಾಡದಿದ್ದರೆ ಎರಡು ಮೂರು ವರ್ಷದಲ್ಲಿ ಹೊಂಡವೇ ಹೂಳಿನಿಂದ ತುಂಬುತ್ತದೆ.

ಮಳೆ ಕೈಕೊಟ್ಟಾಗ ಹತ್ತು ಹದಿನೈದು ದಿನಕ್ಕೊಮ್ಮೆ ಎಡೆಕುಂಟೆ ಹೊಡೆಯಿರಿ. ಕಳೆ ಹೋಗುವುದಷ್ಟೇ ಅಲ್ಲ, ಬಿರುಕು ಮುಚ್ಚುತ್ತದೆ, ಮೇಲಿನ ಪುಡಿಮಣ್ಣು ಕೆಳಗಿನ ಹಸಿಯನ್ನು ಹಿಡಿದಿಡುತ್ತದೆ. ಬಿರುಕು ಗೇಣಗಲ ಆದಮೇಲೆ ಹೊಡೆದರೆ ಬೇರು ಹರಿದು ನಷ್ಟವೇ ಹೆಚ್ಚು. ಹಿಂಗಾರಿ ಬಿಳಿಜೋಳಕ್ಕೆ ಬಿಟ್ಟ ಹೊಲದಲ್ಲಿ ಜುಲೈಯಲ್ಲೇ 3ರಿಂದ 4.5 ಮೀಟರ್ ಚದರದ ಚೌಕು ಮಡಿ ಹಾಕಿ. ಇಳಿಜಾರು ಹೆಚ್ಚಿದ್ದಲ್ಲಿ ಸಣ್ಣ ಮಡಿ, ಸಮತಟ್ಟಿದ್ದಲ್ಲಿ ದೊಡ್ಡದು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತುವ ಮುಂಚೆ ಹರಗಿ ಸಮ ಮಾಡಿದರಾಯಿತು.

ಇನ್ನು ಬರ ಘೋಷಣೆ. 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಒಟ್ಟು ಮಳೆಯ ಕೊರತೆಯಷ್ಟೇ ಅಲ್ಲ, ಸತತ ಮೂರು ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಿದ್ದಿದ್ದರೂ ತಾಲೂಕು ಪರಿಗಣನೆಗೆ ಬರುತ್ತದೆ. ಆಮೇಲೆ ಬಿತ್ತನೆ ಪ್ರಮಾಣ, ಮಣ್ಣಿನ ತೇವ, ಉಪಗ್ರಹ ಚಿತ್ರದ ಹಸಿರು, ಜಲಾಶಯ–ಅಂತರ್ಜಲದ ಮಟ್ಟ ನೋಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದದ್ದು ಇದೇ ದಾರಿಯಲ್ಲಿ. ಆದ್ದರಿಂದ ಮನವಿ ಕೊಡುವಾಗ ‘ಮಳೆ ಆಗಿಲ್ಲ’ ಎಂದು ಬರೆಯಬೇಡಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಮಳೆ ಇಲ್ಲ ಎಂದು ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಿಮ್ಮ ಪಂಚಾಯಿತಿಯ ದಿನದಿನದ ಅಂಕಿ ಕೇಳಿ ಪಡೆದು ಅರ್ಜಿಗೆ ಲಗತ್ತಿಸಿ. ಗುಡುಗು ಮಳೆ ಐದು ಕಿಲೋಮೀಟರಿಗೊಂದು ಬಗೆ ಇರುತ್ತದೆ. ತಾಲೂಕಿನ ಸರಾಸರಿಯಲ್ಲಿ ನಿಮ್ಮ ಹೊಲ ಕಾಣುವುದಿಲ್ಲ.

ಪ್ರಶ್ನೆ: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೇ?
— ಓದುಗರು, ಹೊಸಪೇಟೆ

ಉತ್ತರ: ಬಡಿಯುತ್ತದೆ. ಈರುಳ್ಳಿಯನ್ನು ಮಜ್ಜಿಗೆಗೆ ಹೆಚ್ಚಿಹಾಕಿ ಕುಡಿಯಿರಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ.

ಪ್ರಶ್ನೆ: ಕಟ್ಟಡ ಕೆಲಸದ ಮೇಸ್ತ್ರಿ ನಾನು. ಏಪ್ರಿಲ್–ಮೇ ತಿಂಗಳಲ್ಲಿ ಕೂಲಿಯವರು ಬಿದ್ದುಬಿಡುತ್ತಾರೆ. ಬರೀ ಸುಸ್ತೋ, ಜೀವಕ್ಕೆ ಅಪಾಯವೋ ಹೇಗೆ ತಿಳಿಯುವುದು? ಆಗ ಏನು ಮಾಡಬೇಕು?
— ರಾಯಚೂರು

ಉತ್ತರ: ಮಾತಾಡಿಸಿ ನೋಡಿ. ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿ. ತಲೆನೋವು, ವಾಕರಿಕೆ, ಕಾಲಿನ ಸೆಳೆತ, ತಲೆಸುತ್ತು ಇದ್ದರೂ ಸರಿಯಾಗಿ ಉತ್ತರಿಸಿದರೆ ಅದು ಬಿಸಿಲಿನ ಬಳಲಿಕೆ. ನೆರಳಿಗೆ ಕರೆತಂದು ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಸ್ಪತ್ರೆ. ಚೇತರಿಸಿದರೂ ಅವತ್ತು ಮತ್ತೆ ಬುಟ್ಟಿ ಹೊರಿಸಬೇಡಿ.

ಉತ್ತರ ತಪ್ಪಿದರೆ, ತೊದಲಿದರೆ, ಸಿಟ್ಟಿಗೆದ್ದು ಏನೇನೋ ಆಡಿದರೆ, ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ, ಹೀಟ್ ಸ್ಟ್ರೋಕ್. ದೇಹದ ಒಳಗಿನ ಶಾಖ 40 ಡಿಗ್ರಿ ಮುಟ್ಟಿರುತ್ತದೆ. ‘ಕುಡಿದಿದ್ದಾನೆ, ಮಲಗಲಿ ಬಿಡು’ ಎಂದು ಬಿಟ್ಟು ಜೀವ ಹೋಗುವುದು ಇಲ್ಲೇ. ಬೆವರು ನಿಂತಿದ್ದರೆ ಮಾತ್ರ ಸ್ಟ್ರೋಕ್ ಎಂಬುದೂ ಸರಿಯಲ್ಲ. ದುಡಿಯುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದೇ ಇರಬಹುದು.

ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಆಂಬುಲೆನ್ಸಿಗೆ ಕಾಯದೆ ತಣಿಸಲು ಶುರುಮಾಡಲಿ. ನಿಮ್ಮ ಸೈಟಿನಲ್ಲಿ ತಾಡಪಾಲು ಇದ್ದೇ ಇರುತ್ತದೆ. ನೆರಳಲ್ಲಿ ರೋಗಿಯನ್ನು ಅದರ ಮಧ್ಯೆ ಮಲಗಿಸಿ, ಮೇಲಂಗಿ ತೆಗೆದು, ನಾಲ್ಕೈದು ಜನ ಅಂಚು ಎತ್ತಿ ಹಿಡಿಯಿರಿ. ತೊಟ್ಟಿಯಂತಾದ ಅದರೊಳಗೆ ನೂರು ಲೀಟರಿನಷ್ಟು ನೀರು ಸುರಿದು ಅಲುಗಾಡಿಸುತ್ತಿರಿ. ಮಂಜುಗಡ್ಡೆ ಸಿಕ್ಕರೆ ಹಾಕಿ. ತಲೆ ಸದಾ ನೀರಿನ ಮೇಲೆ ಇರುವಂತೆ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ. ತಾಡಪಾಲು ಇಲ್ಲದಿದ್ದರೆ ಇಡೀ ಮೈಗೆ ಪೈಪಿನಿಂದ ನೀರು ಬಿಡುತ್ತಾ ರಟ್ಟಿನಿಂದ ಜೋರಾಗಿ ಗಾಳಿ ಹಾಕಿ. ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಸುಡುತ್ತದೆ, ಅದನ್ನು ಹರಿಯಬಿಟ್ಟು ಆಮೇಲೆ ಹಾಕಿ. ಮೊದಲ ಅರ್ಧ ಗಂಟೆಯೊಳಗೆ ಶಾಖ 39ಕ್ಕಿಂತ ಕೆಳಗಿಳಿದರೆ ಬದುಕುವ ಸಾಧ್ಯತೆ ಹೆಚ್ಚು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ. ಪ್ಯಾರಸಿಟಮಾಲ್ ಕೊಡಬೇಡಿ. ಇದು ಜ್ವರವಲ್ಲ, ಆ ಮಾತ್ರೆಯಿಂದ ಶಾಖ ಇಳಿಯುವುದಿಲ್ಲ. ಆಗಲೇ ಪೆಟ್ಟು ತಿಂದಿರುವ ಯಕೃತ್ತಿಗೆ ಹೊರೆಯಾಗುತ್ತದೆ.

ಬೀಳುವವರು ಹೆಚ್ಚಾಗಿ ಹೊಸಬರು. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದನೇ ಒಂದು ಪಾಲು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಿ. ಜಾತ್ರೆಗೋ ಮದುವೆಗೋ ಊರಿಗೆ ಹೋಗಿ ವಾರ ಬಿಟ್ಟು ಬಂದ ಹಳಬರೂ ಮೊದಲ ದಿನ ಅರ್ಧ ಕೆಲಸವೇ ಮಾಡಲಿ. ನೀರು ಬಾಯಾರಿದಾಗಲ್ಲ, ಇಪ್ಪತ್ತು ನಿಮಿಷಕ್ಕೊಂದು ಲೋಟ. ಆದರೆ ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ತೆಳುವಾಗಿ ಅದೂ ಫಿಟ್ಸ್‌ಗೆ ಕಾರಣ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇಬ್ಬರಿಗೂ ಒಳ್ಳೆಯದು: ಕುಡಿಯುವವರಿಗೂ, ದುಡ್ಡು ಕೊಡುವ ನಿಮಗೂ. ಭಾರದ ಕೆಲಸ ಬೆಳಿಗ್ಗೆ 6ರಿಂದ 11, ಸಂಜೆ 4ರ ನಂತರ ಇಟ್ಟುಕೊಳ್ಳಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್–ಮೇಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ; ಫ್ಯಾನಿನ ಕೆಳಗೆ ಕೂತವರಿಗೆ ಇರುವ ರಿಯಾಯಿತಿ ಸೆಂಟ್ರಿಂಗ್ ಕೆಲಸದವರಿಗೆ ಏಕಿಲ್ಲ?

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ ಒಂದೇ ಸಲ ಕಲಸಬೇಕು. ಲೋಟಕ್ಕೆ ಚಿಟಿಕೆಯಂತೆ ಹಾಕಿದರೆ ಹದ ಕೆಡುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸವಾದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಪೊಟ್ಟಣದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಹೆಸರಿನಲ್ಲಿ ಆ ಪದ ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು.

ಪ್ರಶ್ನೆ: ತಗಡಿನ ಮನೆ. ಮೇಲೆ ಸುಣ್ಣ ಬಳಿದರೆ ತಂಪಾಗುತ್ತದೆ ಎಂದು ಕೇಳಿ ಬಳಿದೆವು. ತಿಂಗಳಲ್ಲಿ ಉದುರಿಹೋಯಿತು.
— ಓದುಗರು, ಗಂಗಾವತಿ

ಉತ್ತರ: ಸುಣ್ಣ ಕಾಂಕ್ರೀಟ್ ತಾರಸಿಗೆ ಸರಿ, ತಗಡಿಗೆ ಅಲ್ಲ. ನುಣುಪು ಲೋಹಕ್ಕೆ ಅದು ಹಿಡಿಯುವುದಿಲ್ಲ, ಹಸಿ ಸುಣ್ಣದ ಕ್ಷಾರ ಸತುವಿನ ಲೇಪವನ್ನು ತಿನ್ನುತ್ತದೆ. ತಗಡಿಗೆ ತುಕ್ಕು ಉಜ್ಜಿ, ತೊಳೆದು ಒಣಗಿಸಿ, ಲೋಹದ ಪ್ರೈಮರ್ ಒಂದು ಕೋಟು, ಹೊರಗಿನ ಬಳಕೆಯ ಬಿಳಿ ರೂಫ್ ಪೇಂಟ್ ಎರಡು ಕೋಟು ಹಾಕಿ. ಹೊಳೆಯುವ ಹೊಸ ತಗಡಿಗೆ ಬಣ್ಣ ಬೇಡ ಎಂದು ಕೆಲವರು ವಾದಿಸುತ್ತಾರೆ. ಅದು ಬಿಸಿಲನ್ನು ಒಂದಷ್ಟು ಹಿಂದಕ್ಕೆ ಕಳಿಸುವುದು ನಿಜ, ಆದರೆ ಹೀರಿದ ಶಾಖವನ್ನು ಹೊರಚೆಲ್ಲಲು ಬರಿಯ ಲೋಹಕ್ಕೆ ಬರುವುದಿಲ್ಲ. ಬಿಳಿ ಬಣ್ಣಕ್ಕೆ ಎರಡೂ ಬರುತ್ತದೆ. ತಗಡಿನ ಕೆಳಗೆ ಅರ್ಧ ಅಡಿ ಜಾಗ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ, ಆ ಸಂದಿಯ ಬಿಸಿಗಾಳಿ ಹೋಗಲು ಮೇಲ್ತುದಿಯಲ್ಲಿ ಕಿಂಡಿ ಬಿಡಿ. ಹಳೆ ಸೀರೆ ಕಟ್ಟುವವರು ವೈರಿಂಗ್‌ನಿಂದ ದೂರ ಕಟ್ಟಿ.

ತಾರಸಿ ಇರುವವರು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು ಹಾಕಿ ದಿನಪೂರ್ತಿ ಬಿಡಿ (ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು). ಬಟ್ಟೆಯಲ್ಲಿ ಸೋಸಿ ಸ್ವಲ್ಪ ಅಂಟು ಬೆರೆಸಿ. ಸಂಜೆ ತಾರಸಿ ತೊಳೆದು, ಒದ್ದೆ ಇರುವಾಗಲೇ ಒಂದು ಕೋಟು. ಮರುದಿನ ಅಡ್ಡಕ್ಕೆ ಇನ್ನೊಂದು. ಕಾದ ತಾರಸಿಗೆ ಮಧ್ಯಾಹ್ನ ಬಳಿದರೆ ಪುಡಿಯಾಗಿ ಏಳುತ್ತದೆ. ಶಿವರಾತ್ರಿ–ಯುಗಾದಿ ನಡುವೆ ಪ್ರತಿ ವರ್ಷ ಹೊಸದಾಗಿ ಬಳಿಯಬೇಕು.

ಪ್ರಶ್ನೆ: ಅಮ್ಮನಿಗೆ 74. ಬಿಪಿ ಮಾತ್ರೆ ಇದೆ. ಬೇಸಿಗೆಯಲ್ಲಿ ರಾತ್ರಿ ನಿದ್ದೆಯಿಲ್ಲ. ಎಷ್ಟು ನೀರು ಕುಡಿಸಬೇಕು?
— ಓದುಗರು, ಬಳ್ಳಾರಿ

ಉತ್ತರ: ಮೊದಲು ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಿಂದ ಬಿಸಿಲುಗಾಲದಲ್ಲಿ ನೀರು, ಲವಣ ಬೇಗ ಕಡಿಮೆಯಾಗುತ್ತವೆ. ಪ್ರಮಾಣ ಬದಲಿಸಬೇಕೇ ಎಂದು ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದು ನೀರಿಗೆ ಮಿತಿ ಹೇಳಿದ್ದರೆ ‘ದಿನಕ್ಕೆ ನಾಲ್ಕು ಲೀಟರ್’ ಎಂಬ ವಾಟ್ಸ್ಆ್ಯಪ್ ಸಲಹೆ ಅಪಾಯ. ಅಂಥ ಮಿತಿ ಇಲ್ಲದಿದ್ದರೆ ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಲಿ. ವಯಸ್ಸಾದವರಿಗೆ ಬಾಯಾರಿಕೆ ಮಂದ, ನೀವೇ ಗಂಟೆಗೊಮ್ಮೆ ಕೊಡಿ.

ಹಗಲು ಕಾದ ಕಾಂಕ್ರೀಟ್ ನಡುರಾತ್ರಿಯವರೆಗೆ ಶಾಖ ಬಿಡುತ್ತದೆ. ಮೈಗೆ ಚೇತರಿಸಲು ಬಿಡುವೇ ಸಿಗುವುದಿಲ್ಲ. ಬೆಳಿಗ್ಗೆ 9ಕ್ಕೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಹೊರಗೆ ಒಳಗಿಗಿಂತ ತಂಪಾದ ಮೇಲೆ ತೆರೆಯಿರಿ. ಮಹಡಿ ಮನೆಯಾದರೆ ಹಾಸಿಗೆ ಕೆಳಗಿನ ಅಂತಸ್ತಿಗೆ ಇಳಿಸಿ. ಕೋಣೆಯೇ 40 ದಾಟಿದರೆ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಕೈ, ಕತ್ತು, ಎದೆ ಒದ್ದೆ ಮಾಡಿ ಫ್ಯಾನ್ ಹಾಕಿ.

ಪ್ರಶ್ನೆ: ಮಳೆ ನಕ್ಷತ್ರಗಳನ್ನು ನಂಬಿ ಬಿತ್ತಬಹುದೇ?
— ರೈತರು, ಹಿರಿಯೂರು

ಉತ್ತರ: ಕ್ಯಾಲೆಂಡರ್ ಆಗಿ ಬಳಸಿ, ಮುನ್ಸೂಚನೆಯಾಗಿ ಬೇಡ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13–14 ದಿನದ ಲೆಕ್ಕ ಅದು. ಮೃಗಶಿರಾ ಹುಟ್ಟುವುದು ಜೂನ್ 8ರ ಸುಮಾರಿಗೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆ ದಿನ ಜೂನ್ 1. ಅಜ್ಜಂದಿರ ಲೆಕ್ಕ ಎಷ್ಟು ಸೂಕ್ಷ್ಮವಿತ್ತು ನೋಡಿ. ಆದರೆ ಪಂಚಾಂಗದ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷ ಉದ್ದ; ಸುಮಾರು 71 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ಐನೂರು ವರ್ಷ ಹಳೆಯ ಗಾದೆಯಾದರೆ ವಾರ ಆಚೀಚೆ. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಬಿತ್ತುವ ಮುನ್ನ ರೈತರಿಗೆ ಹವಾಮಾನ ತಿಳಿಸುವ ಮೇಘದೂತ ಆ್ಯಪ್ ನೋಡಿ, ಮಳೆ ಮಾಹಿತಿ ಕೊಡುವ ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿ, ಎಲ್ಲಕ್ಕಿಂತ ಮೊದಲು ಗೇಣುದ್ದ ಮಣ್ಣು ಅಗೆದು ಹಸಿ ಕೂಡಿದೆಯೇ ನೋಡಿ.

ಪ್ರಶ್ನೆ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀ ದಾಟುತ್ತದೆ, ತೊಂಬತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸು. ಮಕ್ಕಳಿಗೆ ಇದನ್ನು ತೋರಿಸಲು ಶಾಲೆಯಲ್ಲಿ ಮಳೆಮಾಪಕ ಮಾಡಬಹುದೇ?
— ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಖಂಡಿತ. ಕಾರಣ ನಿಮಗೆ ಗೊತ್ತೇ ಇದೆ: ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಏರುವಾಗ ತಣಿದು ಮಳೆ ಸುರಿಸುತ್ತದೆ, ಘಟ್ಟ ದಾಟಿ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಚಳ್ಳಕೆರೆ ತಲಪುವ ಹೊತ್ತಿಗೆ ಉಳಿಯುವುದು 500 ಮಿಮೀ ಆಸುಪಾಸು.

ತಂಪು ಪಾನೀಯದ ಬಾಟಲಿ ಕತ್ತರಿಸಿ ಮಾಡುವ ಮಾಪಕ ನಿಮ್ಮೂರಿಗೆ ಸಾಲದು. ಜುಲೈಯ ಒಂದು ರಾತ್ರಿಯಲ್ಲೇ ತುಂಬಿ ಹೊರಚೆಲ್ಲುತ್ತದೆ. ಬಾಯಿಯ ಒಳವ್ಯಾಸ ಸರಿಯಾಗಿ 16 ಸೆಂಟಿಮೀಟರ್ ಇರುವ ಆಲಿಕೆ (ಫನಲ್) ತನ್ನಿ. ಅದರ ಬಾಯಿ 201 ಚದರ ಸೆಂಟಿಮೀಟರ್, ಹಾಗಾಗಿ ಸಿಕ್ಕ ಪ್ರತಿ 20 ಮಿಲಿಲೀಟರ್ ನೀರು 1 ಮಿಮೀ ಮಳೆ. ಇಲಾಖೆಯ ಮಾಪಕಗಳಲ್ಲೂ 200 ಚದರ ಸೆಂಟಿಮೀಟರಿನವು ಇವೆ. ಆಲಿಕೆಯನ್ನು ಹತ್ತು ಲೀಟರ್ ಕ್ಯಾನಿಗೆ ಸಿಕ್ಕಿಸಿ, ಸಂದಿಯಿಂದ ನೀರು ಇಳಿಯದಂತೆ ಮೇಣ ಹಚ್ಚಿ. ಕ್ಯಾನನ್ನು ನೆಲದಲ್ಲಿ ಹೂತು, ಆಲಿಕೆಯ ಅಂಚು ನೆಲದಿಂದ 30 ಸೆಂಟಿಮೀಟರ್ ಮೇಲೆ, ಮಟ್ಟಸವಾಗಿರಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿರಬೇಕು. ತಾರಸಿಯ ಮೇಲೆ ಇಟ್ಟರೆ ಗಾಳಿಗೆ ಹನಿ ಹಾರಿ ಲೆಕ್ಕ ಕಡಿಮೆ ಬರುತ್ತದೆ. ಆಲಿಕೆಯ ಬಾಯಿಗೆ ಎಲೆ ಕಟ್ಟಿಕೊಳ್ಳದಂತೆ ದಿನಾ ನೋಡಬೇಕು.

ಅಳೆಯುವ ಹೊತ್ತು ಬೆಳಿಗ್ಗೆ 8.30, ಇಡೀ ದೇಶದಲ್ಲಿ ಅದೇ. ಆಗ ಸಿಕ್ಕದ್ದು ಹಿಂದಿನ 24 ಗಂಟೆಯ ಮಳೆ, ಅಳೆದ ದಿನದ ತಾರೀಖಿಗೆ ಬರೆಯಬೇಕು. 50 ಮಿಲಿಲೀಟರ್ (2.5 ಮಿಮೀ) ಸಿಕ್ಕರೆ ಅದು ‘ಮಳೆ ದಿನ’. 1.3 ಲೀಟರ್ ಮುಟ್ಟಿದರೆ 64.5 ಮಿಮೀ, ಭಾರಿ ಮಳೆ. 2.3 ಲೀಟರಿಗೆ ಅತಿ ಭಾರಿ, 4.1 ದಾಟಿದರೆ ಅತ್ಯಂತ ಭಾರಿ. ಭಾನುವಾರ, ರಜೆಯಲ್ಲೂ ಅಳೆಯಲು ಶಾಲೆಯ ಪಕ್ಕದ ಮನೆಯ ಮಗುವೊಂದನ್ನು ಒಪ್ಪಿಸಿ. ಮಳೆ ಬಾರದ ದಿನ 0 ಎಂದು ಬರೆಸಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ಆಮೇಲೆ ಯಾರಿಗೂ ತಿಳಿಯದು.